ಊರ ಹೊರಗಿನ ಗಾಳಿ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸ್ವಂತಕ್ಕೊಂದು ಮನೆ ಕೊಳ್ಳಬೇಕೆಂದು ಸೇಡಂನಲ್ಲಿ ಹುಡುಕಾಟ ಶುರು ಮಾಡಿದೆ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಐದನೇ ತರಗತಿಗೇ ಶಾಲೆ ಬಿಟ್ಟವನು ನಾನು. ಕಣ್ಣು ಸುಟ್ಟುಕೊಂಡು ಕೆಲಸ ಕಲಿತಿದ್ದೇನೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಗೋಳಲ್ಲ, ಸಿಟ್ಟು.

ಮನೆಯಲ್ಲಿ ಎರಡು ಪಕ್ಷ. ಹೆಂಡತಿ ಲಕ್ಷ್ಮಿಗೆ ಊರ ಹೊರಗಿನ ಹೊಸ ಲೇಔಟ್ ಬೇಕು. ಅಲ್ಲಿ ರಸ್ತೆ ಅಗಲ, ಅಂಗಳದಲ್ಲಿ ಗಿಡ ಹಚ್ಚಬಹುದು, ಗಾಡಿ ನಿಲ್ಲಿಸಲು ಜಗಳವಿಲ್ಲ. ಊರೊಳಗಿನ ಓಣಿಗಳಲ್ಲಿ ಅರಿವೆ ಒಣಹಾಕಲೂ ಜಾಗವಿಲ್ಲ ಎನ್ನುವುದು ಅವಳ ಮಾತು. ಖರೇ ಹೇಳಬೇಕೆಂದರೆ ನನಗೂ ಲೇಔಟೇ ಸರಿ ಅನಿಸಿತ್ತು. ಅವ್ವ ಮಾತ್ರ ಒಪ್ಪಲಿಲ್ಲ. ತೋರಿಸಲು ಕರೆದುಕೊಂಡು ಹೋದರೆ ಟಂಟಂ ಆಟೋದಿಂದ ಕೆಳಗೇ ಇಳಿಯಲಿಲ್ಲ.

“ಊರ ಹೊರಗ ಇದ್ದು ಇದ್ದು ಸಾಕಾಗ್ಯಾದ ತಮ್ಮಾ,” ಅಂದಳು. “ಬಾಗಿಲು ತೆಗದ್ರ ಎದುರು ಬಾಗಿಲು ಕಾಣಬೇಕು ನನಗ.”

“ಎದುರು ಬಾಗಿಲಿನವರು ನಿಮಗ ಹೋಳಿಗಿ ಕೊಡ್ತಾರೇನ್ ಅತ್ತಿ?” ಎಂದು ಲಕ್ಷ್ಮಿ ಚೇಷ್ಟೆ ಮಾಡಿದಳು.

“ಕೊಡ್ಲಿಲ್ಲಂದ್ರ ಜಗಳರೆ ಆಡ್ತಾರಲ್ಲ.”

ಅವಳ ಸಂಕಟ ನನಗೆ ತಿಳಿಯಿತು. ನಾವು ದಲಿತರು. ಕುರಕುಂಟಾ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಓಣಿ ಇದ್ದದ್ದು ಊರು ಮುಗಿದ ಮೇಲೆ, ಹಳ್ಳದ ಆಚೆ. ಅವ್ವ ಮದುವೆಯಾಗಿ ಬಂದದ್ದು ಅಲ್ಲಿಗೆ. ಸೇಡಂಗೆ ಬಂದ ಮೇಲೂ ಬಾಡಿಗೆ ಮನೆ ಸಿಕ್ಕಿದ್ದು ಊರಿನ ಅಂಚಿಗೇ. ಬಯಲು, ಗಾಳಿ, ಅಂಗಳ ಅವಳಿಗೆ ಹೊಸದಲ್ಲ. ಜೀವಮಾನವಿಡೀ ಅವಳಿಗೆ ಸಿಗದೆ ಹೋದದ್ದು ಊರೊಳಗಿನ ನೆರೆಮನೆ. ಲಕ್ಷ್ಮಿ ಮುಖ ದಪ್ಪ ಮಾಡಿಕೊಂಡರೂ, ಊರೊಳಗೇ ನೋಡೋಣ ಎಂದು ನಾನು ತೀರ್ಮಾನಿಸಿದೆ.

ನನ್ನ ಹಳೆಯ ಪರಿಚಯದ ಮೈನೋದ್ದೀನ್ ಮನೆ-ಪ್ಲಾಟುಗಳ ದಲಾಲಿ ಮಾಡುತ್ತಾನೆ. ಅವನು ನನ್ನನ್ನೂ ಅವ್ವನನ್ನೂ ಬಜಾರಿನ ಹಿಂದಿನ ಓಣಿಗೆ ಕರೆದುಕೊಂಡು ಹೋದ. ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ತಮ್ಮ ಮನೆಗೆ ಹೊಂದಿಕೊಂಡಿದ್ದ ಇನ್ನೊಂದು ಮನೆಯನ್ನು ಮಾರಲಿಕ್ಕಿಟ್ಟಿದ್ದರು. ಅವರ ಗೇಟು ನಾನೇ ಮಾಡಿಕೊಟ್ಟದ್ದು. ಗುರುತು ಹಿಡಿದು “ಬರ್ರಿ, ಕುಂದ್ರಿ” ಎಂದು ಉಪಚಾರ ಮಾಡಿದರು. ಗೇಟಿಗೆ ಇನ್ನೂ ಜಂಗು ಹತ್ತಿಲ್ಲವೆಂದು ಮೈನೋದ್ದೀನನ ಮುಂದೆ ಹೊಗಳಿದರು. ಅವ್ವ ಮನೆಯ ಗೋಡೆ ಮುಟ್ಟಿ ನೋಡಿದಳು, ಅಡುಗೆಮನೆಯ ಕಿಡಕಿ ತೆಗೆದಳು. ಆಚೆ ಮನೆಯ ಹೆಂಗಸು ಅಕ್ಕಿ ಹಸನು ಮಾಡುತ್ತಿದ್ದಳು. ಅಲ್ಲೇ ನಿಂತು ಇಬ್ಬರೂ ಮಾತಿಗೆ ಹತ್ತಿದರು. ಕರೆದರೂ ಅವ್ವ ಬರಲೊಲ್ಲಳು.

ವ್ಯವಹಾರ ಕುದುರಿತು. ಸಾಹುಕಾರರು ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮನ್ನು ಕೂಡಿಸಿ ಒಳಗೆ ಚಾ ಹೇಳಿದರು. ಹೇಳಿದ ಮೇಲೆ ಕೇಳಿದರು: “ನಿಮ್ಮ ಊರು ಯಾವದ್ರಿ?”

ಹೇಳಿದೆ.

“ಅಲ್ಲಿ ಯಾರ ಪೈಕಿ?”

ಜಾತಿ ಯಾವುದೆಂದು ನಮ್ಮ ಕಡೆ ಹೀಗೇ ಕೇಳುವುದು. ಅದನ್ನೂ ಹೇಳಿದೆ. ಮುಚ್ಚಿಡಲು ನಾನೇನು ಕಳವು ಮಾಡಿದ್ದೇನೆಯೇ?

ಅವರ ಮುಖ ಬದಲಾಗಲಿಲ್ಲ. ಅದೇ ನಗು ಇಟ್ಟುಕೊಂಡು ಎದ್ದು ಒಳಗೆ ಹೋಗಿ ಬಂದರು, ಫೋನ್ ನೋಡುತ್ತ ಕುಳಿತರು. ಒಳಗಿನಿಂದ ಶುಂಠಿ ಕುದಿಯುವ ವಾಸನೆ ಬಂತು. ಚಾ ಬರಲಿಲ್ಲ. ನಾವು ಕುಳಿತೇ ಇದ್ದೆವು. ಕೊನೆಗೆ ಅವರೇ ಬಾಯಿ ಬಿಟ್ಟರು.

“ನನ್ನ ಮಾತು ಕೇಳು ಮಲ್ಲಪ್ಪ. ಇಲ್ಲಿ ಭಾಳ ಇಕ್ಕಟ್ಟಾಗ್ತದ. ಊರ ಹೊರಗ ಲೇಔಟಿನಾಗ ತೊಗೋ. ನಿಮಗ ಅದೇ ಚಲೋ. ಗಾಳಿ ಬೆಳಕು ಇರ್ತದ.”

‘ಕುಂದ್ರಿ’ ಎಂದವರು ‘ತೊಗೋ’ಗೆ ಇಳಿದಿದ್ದರು.

“ಊರ ಹೊರಗಿನ ಗಾಳಿ ನಮ್ಮಜ್ಜನ ಕಾಲದಿಂದ ಕುಡದೀವ್ರಿ ಸಾವ್ಕಾರ್ರ,” ಎಂದೆ. “ಗೇಟು ಮಾಡ್ಸೋ ಮುಂದ ಯಾರ ಪೈಕಿ ಅಂತ ಯಾಕ ಕೇಳ್ಲಿಲ್ಲ ನೀವು?”

“ಸಿಟ್ಟಾಗಬ್ಯಾಡ. ನಿನ್ನ ಚಲೋದಕ್ಕೇ ಹೇಳ್ಲಿಕತ್ತೀನಿ.”

ಆ ಗೇಟನ್ನು ಅಲ್ಲೇ ಕತ್ತರಿಸಿ ಹೊತ್ತುಕೊಂಡು ಬರಬೇಕು ಅನಿಸಿತು. ಅವ್ವ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮೈನೋದ್ದೀನ್ ತಲೆ ಎತ್ತಲಿಲ್ಲ. ಓಣಿ ತಿರುಗುವಾಗ ಅವ್ವ, “ಆ ಚಾ ಇನ್ನಾ ಒಲಿ ಮ್ಯಾಲೇ ಅದ ನೋಡು,” ಎಂದಳು. ನಗಿಸಲು ಹೇಳಿದ್ದಳು. ನಗು ಯಾರಿಗೂ ಬರಲಿಲ್ಲ.

ದೂರು ಕೊಡು ಎಂದು ಕೆಲವರು ಹೇಳಿದರು. ಏನಂತ ಬರೆಸಲಿ? ಗಾಳಿ ಬೆಳಕು ಇರ್ತದ ಅಂದರು ಅಂತಲೇ? ಬೈದಿದ್ದರೆ ಹಿಡಿಯಬಹುದಿತ್ತು. ಇವರು ಬೈಯುವುದಿಲ್ಲ, ಸಲಹೆ ಕೊಡುತ್ತಾರೆ. ನನ್ನ ಮೈ ಉರಿಯುವುದು ಅದಕ್ಕೇ.

ನಡೆದದ್ದು ಕೇಳುತ್ತ ಲಕ್ಷ್ಮಿ ರೊಟ್ಟಿ ಬಡಿಯುತ್ತಿದ್ದಳು. ಲೇಔಟ್ ಮಾತು ತೆಗೆಯುತ್ತಾಳೆ ಎಂದುಕೊಂಡೆ. “ಲೇಔಟ್ ಬ್ಯಾಡ,” ಎಂದಳು. “ಅದೇ ಓಣ್ಯಾಗ ಹುಡುಕ್ರಿ.”

ಹುಡುಕಿದೆವು. ಅದೇ ಓಣಿಯ ಕೊನೆಯಲ್ಲಿ ಮೈನೋದ್ದೀನನ ಚಾಚಾ ತಮ್ಮ ಹಳೆಯ ಎರಡು ಕೋಣೆಯ ಮನೆಯನ್ನು ನಮಗೆ ಕೊಟ್ಟರು. ಅವರು ಯಾರ ಪೈಕಿ ಎಂದು ಕೇಳಲಿಲ್ಲ. ಮಳೆಯಾದರೆ ಹೊಸ್ತಿಲ ತನಕ ನೀರು ಬರುತ್ತದೆ ಎಂದು ಮಾತ್ರ ಎಚ್ಚರಿಸಿದರು. ಬರುತ್ತದೆ ಕೂಡ. ಗಾಳಿ ಬೆಳಕು ಖರೇನೇ ಕಡಿಮೆ. ಅರಿವೆ ಒಣಹಾಕುವಾಗ ಲಕ್ಷ್ಮಿ ಈಗಲೂ ಗೊಣಗುತ್ತಾಳೆ, ಆದರೆ ಬಿಟ್ಟು ಹೋಗೋಣ ಎನ್ನುವುದಿಲ್ಲ.

ಸಾಹುಕಾರರು ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವುದು ನಮ್ಮ ಬಾಗಿಲ ಮುಂದಿನಿಂದಲೇ. ಅವ್ವ ಕಟ್ಟೆಯ ಮೇಲೆ ಕುಳಿತಿರುತ್ತಾಳೆ.

“ಬರ್ರಿ ಸಾವ್ಕಾರ್ರ, ಚಾ ಕುಡದು ಹೋಗ್ರಿ.”

“ಅವಸರ ಅದವ್ವ, ಇನ್ನೊಮ್ಮಿ ಬರ್ತೀನಿ,” ಎನ್ನುತ್ತ ಅವರು ಹೆಜ್ಜೆ ಚುರುಕು ಮಾಡುತ್ತಾರೆ.

ಒಮ್ಮೆ ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನನ್ನು ಯಾಕೆ ಕರೆಯುತ್ತೀ, ನಿನಗೆ ಮಾನ ಇಲ್ಲವೇ ಎಂದು ಅವ್ವನ ಮೇಲೇ ಹಾರಾಡಿದೆ.

“ಬರ್ಲಿ ಅಂತ ಕರೀತೀನೇನೋ ಹುಚ್ಚಾ?” ಎಂದಳು. “ದಿನಾ ಒಂದು ಸುಳ್ಳು ಹೇಳಿ ಹೋಗ್ಲಿ ಅಂತ ಕರೀತೀನಿ.”

ನನ್ನ ಸಿಟ್ಟು ಆರಿಲ್ಲ. ಆರಲಿ ಎಂದು ನನಗೂ ಅನಿಸಿಲ್ಲ. ಆದರೆ ಕೂಗಾಡುವ ನನ್ನ ಸಿಟ್ಟಿಗಿಂತ ಕಟ್ಟೆಯ ಮೇಲೆ ನಗುತ್ತ ಕುಳಿತ ಅವ್ವನ ಸಿಟ್ಟು ದೊಡ್ಡದೆಂದು ಅವತ್ತು ತಿಳಿಯಿತು. ಇವತ್ತು ಬೆಳಿಗ್ಗೆಯೂ ಕರೆದಳು.