ಖಂಡೇನವಮಿಯ ದಿನ ಹರಿದ ಬೆಲ್ಟು

ಹನ್ನೊಂದು ಸಾವಿರ ರೂಪಾಯಿ ಬಿತ್ತು. ಅದರಲ್ಲಿ ಬೆಲ್ಟಿನ ಬೆಲೆ ಒಂದು ಒಳ್ಳೆಯ ಸೀರೆಯಷ್ಟೂ ಇರಲಿಲ್ಲ. ಉಳಿದದ್ದೆಲ್ಲ ಬೆಲ್ಟು ಹರಿದಾಗ ಒಳಗೆ ಬಗ್ಗಿದ ವಾಲ್ವುಗಳದು, ಇಂಜಿನ್ನು ಬಿಚ್ಚಿ ಕೂಡಿಸಿದ ಕೂಲಿಯದು. ಟೈಮಿಂಗ್ ಬೆಲ್ಟು ಅಂದರೆ ಇಂಜಿನ್ನಿನ ಕೆಳಗಿನ ಭಾಗವನ್ನೂ ಮೇಲಿನ ಭಾಗವನ್ನೂ ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ರಬ್ಬರ್ ಪಟ್ಟಿ. ಹರಿದರೆ ತಾಳ ತಪ್ಪಿ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ. ಮೆಕ್ಯಾನಿಕ್ ಹದಿನಾಲ್ಕು ಕೇಳಿದ್ದ, ನಾನು ಹನ್ನೊಂದಕ್ಕೆ ಇಳಿಸಿದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಸೈಕಲ್ಲಿಗೆ ಖಣದ ಬಟ್ಟೆಯ ಗಂಟು ಕಟ್ಟಿಕೊಂಡು ಪುಣೆಯ ವಾಡೆಗಳನ್ನು ಸುತ್ತಿದವನು ನಾನು. ಆಮೇಲೆ ಅಂಗಡಿಯಾಯಿತು, ತೊಂಬತ್ತರ ದಶಕದ ಕೊನೆಗೆ ಕಾರೂ ಆಯಿತು. ಸದಾಶಿವ ಪೇಠದ ಒಬ್ಬ ನಿವೃತ್ತ ಪ್ರಾಧ್ಯಾಪಕರದು. ಓಡಿದ್ದು ಕಡಿಮೆ, ಗವಸು ಹೊದ್ದು ಮನೆಯೆದುರು ನಿಂತದ್ದೇ ಹೆಚ್ಚು. ಹಳೆಯದು, ಆದರೆ ಓಡದ ಗಾಡಿ. ಇಂಥ ಮಾಲು ಎಲ್ಲಿ ಸಿಗುತ್ತದೆ ಎಂದು ಹಿಗ್ಗಿದೆ. ಬಟ್ಟೆಯ ವ್ಯಾಪಾರದಲ್ಲಿ ಮಡಿಕೆ ಬಿಚ್ಚದ ಸೀರೆಗೆ ಬೆಲೆ ಜಾಸ್ತಿ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಅದು ಹರಿದದ್ದು ಹೆಂಡತಿಯನ್ನು ಬೆಳಗಾವಿಯ ತವರಿಗೆ ಕರೆದುಕೊಂಡು ಹೊರಟ ದಿನ. ತವರಲ್ಲಿದ್ದವನು ಅವಳ ತಮ್ಮನೊಬ್ಬನೇ. ಹೊಸ ಮನೆಯ ವಾಸ್ತುಶಾಂತಿಗೆ ಅವನು ಅಕ್ಕನನ್ನು ಫೋನಿನಲ್ಲಿ ಕರೆದಿದ್ದ. ನಮ್ಮ ಕಡೆ ಮನೆಮಗಳನ್ನು ಕರೆಯುವ ರೀತಿ ಅದಲ್ಲ; ಬಂದು, ಕುಂಕುಮ ಹಚ್ಚಿ ಕರೆಯಬೇಕು. ಇವಳು ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ಅವನೂ ಮುನಿಸಿಕೊಂಡ. ಹಾಗೇ ಕೆಲವು ದಸರೆಗಳು ದಾಟಿದವು. ಆ ವರ್ಷ ಇವಳೇ ಚಹಾ ಸೋಸುತ್ತ, "ಈ ಸಲ ಬನ್ನಿ ಕೊಡ್ಲಿಕ್ಕೆ ನಾವ ಹೋಗೂಣೇನ್ರಿ?" ಅಂದಳು. ದಸರೆಗೆ ಬನ್ನಿ ಎಲೆ ಕೊಟ್ಟು ತೆಗೆದುಕೊಂಡರೆ ಹಳೆಯ ಜಗಳ ಮುಗಿದ ಹಾಗೆ. ದೊಡ್ಡವಳಾಗಿಯೂ ಅವಳು ಮೊದಲು ಬಗ್ಗಿದ್ದಳು. ಅರ್ಧ ದಾರಿಯಿಂದ ತಿರುಗಿದರೆ ಮತ್ತೆ ಬಗ್ಗಲಾರಳು ಎಂದು ನನಗೆ ಗೊತ್ತಿತ್ತು.

ಖಂಡೇನವಮಿ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಗಾಡಿಗೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟೆವು. ಹೋಗುವ ದಾರಿಯಲ್ಲೇ ಕೊಂಢವಾ ಬಡಾವಣೆಯ ಒಬ್ಬ ಗಿರಾಕಿಗೆ ಇಳಕಲ್ ಸೀರೆ ಮುಟ್ಟಿಸಿಬಿಡೋಣ ಎಂದೆ.

"ತವರಿಗೆ ಹೊಂಟಾಗೂ ವ್ಯಾಪಾರ ಬಿಡೂದಿಲ್ಲ ನೀವು," ಅಂದಳು.

ಸೀರೆ ಕೊಟ್ಟು ಒಂದು ತಿರುವು ದಾಟಿದ್ದೆವು. ಇಂಜಿನ್ನು ಕೆಮ್ಮದೆ, ನಡುಗದೆ, ಒಮ್ಮೆಗೇ ಸುಮ್ಮನಾಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರು ಹಗುರಾಗಿ ಗಿರಗಿರ ಅಂತ ತಿರುಗಿತು, ಅಷ್ಟೆ.

ಗುರುತಿನ ಮೆಕ್ಯಾನಿಕನ ಗ್ಯಾರೇಜು ಹತ್ತಿರವೇ ಇತ್ತು, ತಳ್ಳಿಸಿಕೊಂಡು ಹೋದೆ. ಅಲ್ಲಿ ಪಾನಾ, ಇಕ್ಕಳ, ಜಾಕು ಎಲ್ಲವನ್ನೂ ತೊಳೆದು ಮಣೆಯ ಮೇಲೆ ಜೋಡಿಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದರು.

"ಶೇಠ್, ಆಜ್ ಹತ್ಯಾರಾಲಾ ಹಾತ್ ಲಾವಣಾರ್ ನಾಹೀ," ಅಂದ. ಇವತ್ತು ಹತ್ಯಾರ ಮುಟ್ಟುವುದಿಲ್ಲ.

ಎರಡು ಪಟ್ಟು ಕೂಲಿ ಕೊಡುತ್ತೇನೆಂದೆ. ಅವನು ಮರಾಠಿಯಲ್ಲೇ ಚುಚ್ಚಿದ: ನಾವು ಪೂಜೆ ಮಾಡಿ ಹತ್ಯಾರಕ್ಕೆ ರಜೆ ಕೊಟ್ಟೆವು. ನೀವು ಪೂಜೆ ಮಾಡಿ ಓಡಿಸಿದಿರಿ, ಅದು ತಾನೇ ರಜೆ ತಗೊಂಡಿತು.

ಆದರೂ ಬರಿಗೈಯಲ್ಲೇ ಎಣ್ಣೆಯ ಮುಚ್ಚಳ ತಿರುವಿ ತೆಗೆದು, ಒಳಗೆ ಇಣುಕಿ, ಒಂದೇ ಸಲ ಕೀಲಿ ತಿರುಗಿಸಿ ಎಂದ. ಒಳಗೆ ಏನೂ ಅಲುಗಲಿಲ್ಲ. ಬೆಲ್ಟು ಹೋಗಿದೆ, ವಾಲ್ವೂ ಬಗ್ಗಿರಬೇಕು, ಹಬ್ಬ ಮುಗಿದ ಮೇಲೆ ಬಿಚ್ಚಿದರೂ ವಾರ ಹಿಡಿಯುತ್ತದೆ ಎಂದ.

ಹೆಂಡತಿ ಬೆಂಚಿನ ಮೇಲೆ, ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಗಾಡಿಗೂ ಮನಸ್ಸಿಲ್ಲ. ಮನೀಗೆ ನಡೀರಿ."

"ಸ್ವಾರಗೇಟಿಗೆ ಹೋದ್ರ ಬಸ್ಸು ಸಿಗ್ತಾವ."

"ಹಬ್ಬದಾಗ ನಿಂದ್ರಲಿಕ್ಕೂ ಜಾಗಾ ಇರಂಗಿಲ್ಲ."

"ಜಾಗಾ ನಾ ಕೊಡಸ್ತೀನಿ."

"ಕಂಡಕ್ಟರನ ಜೋಡೀನೂ ಚೌಕಾಶಿ ಮಾಡವ್ರ ನೀವು," ಅಂದಳು. ನಗಲಿಲ್ಲ.

ಅಷ್ಟರಲ್ಲಿ ಗ್ಯಾರೇಜಿನ ಹಿಂದಿನ ಮನೆಯಿಂದ ಮೆಕ್ಯಾನಿಕನ ಹೆಂಡತಿ ಪ್ರಸಾದ ತಂದಳು. ಡಬ್ಬಿ, ಚೀಲ, ಹೊಸ ಸೀರೆ ಎಲ್ಲ ನೋಡಿ, "ಮಾಹೇರೀ ನಿಘಾಲಾತ್ ಕಾ, ತಾಈ?" ಎಂದು ಕೇಳಿದಳು. ತವರಿಗೆ ಹೊರಟಿರಾ, ಅಕ್ಕ?

ನನ್ನವಳು ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಹೋ," ಅಂದಳು. ಹೌದು.

ತವರಿಗೆ ಹೊರಟವಳನ್ನು ಬರಿ ಉಡಿಯಲ್ಲಿ ಹೇಗೆ ಕಳಿಸುವುದು ಎಂದು ಆಕೆ ಒಳಗೆ ಹೋಗಿ ತೆಂಗಿನಕಾಯಿ, ಅಕ್ಕಿ ತಂದಳು. ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಇವಳು ಅಪರಿಚಿತಳ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವನ ಹಾಗೆ ಬಾನೆಟ್ಟು ಮುಚ್ಚಿದೆ.

ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು. "ರಿಕ್ಷಾ ಕರೀರಿ. ಎಷ್ಟು ತಗೋತೀ ಅಂತ ಕೇಳ್ಕೋತ ನಿಂದರಬ್ಯಾಡ್ರಿ."

ದರ ಕೇಳಲಿಲ್ಲ. ಸ್ವಾರಗೇಟಿನ ಎಸ್‌ಟಿಡಿ ಬೂತಿನಿಂದ ಅವಳ ತಮ್ಮನಿಗೆ ಫೋನು ಮಾಡಿ, ಗಾಡಿ ಕೆಟ್ಟಿದೆ, ಬಸ್ಸಿನಲ್ಲಿ ಬರುತ್ತೇವೆ ಎಂದೆ.

"ಅಕ್ಕನೂ ಬರ್ಲಿಕ್ಕತ್ತಾಳೇನ್ರಿ?" ಎಂದು ಕೇಳಿದ.

"ಬರ್ಲಿಕ್ಕತ್ತಾಳ."

ಅವನು ಅದನ್ನೇ ಮತ್ತೊಮ್ಮೆ ಕೇಳಿದ. ಬೂತಿನ ಮೀಟರು ಓಡುತ್ತಿತ್ತು. ನಾನು ಫೋನು ಇಡಲಿಲ್ಲ.

ಸಂಜೆ ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಅವನು ಪುಣೆಯಿಂದ ಬಂದ ಪ್ರತಿ ಬಸ್ಸಿನ ಕಿಟಕಿಗೂ ಇಣುಕುತ್ತ ನಿಂತಿದ್ದ.

"ಭಾಳ ಸೊರಗೀಯಲ್ಲೋ," ಅಂದಳು ಇವಳು.

"ನೀ ದಪ್ಪ ಆಗೀ," ಎಂದು ಅವಳ ಕೈಯಿಂದ ಡಬ್ಬಿ ಇಸಿದುಕೊಂಡ. ಬನ್ನಿ ಕೊಡುವುದು ಮರುದಿನವಿತ್ತು, ಕೊಟ್ಟದ್ದೂ ಆಯಿತು. ಆದರೆ ಲೆಕ್ಕ ಚುಕ್ತಾ ಆದದ್ದು ಅಲ್ಲೇ.

ಈಗ ನಿಮಗೆ ನಾಲ್ಕು ಮಾತು. ಹಳೆಯ ಗಾಡಿ ಕೊಳ್ಳುವಾಗ ಎಷ್ಟು ಓಡಿದೆ ಎಂಬುದರ ಜೊತೆ ಎಷ್ಟು ವರ್ಷವಾಯಿತು ಎಂದೂ ಕೇಳಿರಿ. ಬೆಲ್ಟು ಬದಲಿಸಿದ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲವೆಂದೇ ಹಿಡಿದು, ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ. ಬದಲಿಸುವಾಗ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರು, ನೀರಿನ ಪಂಪು ಸಹ ನೋಡಿಸಿರಿ. ಹೇಗೂ ಬಿಚ್ಚಿರುತ್ತಾರೆ, ಕೂಲಿ ಉಳಿಯುತ್ತದೆ. ಓಡುತ್ತಿದ್ದ ಇಂಜಿನ್ನು ಒಮ್ಮೆಗೇ ಸತ್ತು ಸ್ಟಾರ್ಟರು ಹಗುರಾಗಿ ತಿರುಗಿದರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ, ಉಳಿದ ವಾಲ್ವುಗಳೂ ಹೋಗುತ್ತವೆ. ಮತ್ತೆ, ಜೊತೆಗಿದ್ದವರು ಎಲ್ಲಿಗೆ ಹೊರಟಿದ್ದರೋ ಅಲ್ಲಿಗೆ ಮೊದಲು ಮುಟ್ಟಿಸಿರಿ. ಗ್ಯಾರೇಜಿನವನ ಜೊತೆ ಚೌಕಾಶಿ ವಾಪಸು ಬಂದ ಮೇಲೆ ಮಾಡಬಹುದು.