ನಾಲ್ಕು ಜನರ ಮೇಲೆ ನಿಂತ ಗೆರೆ

ಕನ್ನಡಕದ ಅಂಗಡಿಯವನನ್ನು ಬೀದಿಯವರೆಲ್ಲ ಸಣ್ಣಕ್ಷರ ಎಂದೇ ಕರೆಯುತ್ತಿದ್ದರು. ಔಷಧಿ ಡಬ್ಬಿಯಿರಲಿ, ವಾರಂಟಿ ಚೀಟಿಯಿರಲಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದದೆ ಅವನು ಬಿಡುತ್ತಿರಲಿಲ್ಲ. ಅವನನ್ನು ಸಾಕಿ ಬೆಳೆಸಿದ ಅಕ್ಕ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಅದೇ ಕಾಯಿಲೆಗೆ ಮದ್ದು ಹುಡುಕುತ್ತಿದ್ದ ಪುಟ್ಟ ಕಂಪನಿಯೊಂದರ ಷೇರು ಕೊಂಡ. ಲಾಭದ ಆಸೆ ಇರಲಿಲ್ಲವೆಂದಲ್ಲ. ಆದರೆ ಆ ಮದ್ದು ಗೆಲ್ಲಲೇಬೇಕೆಂಬ ಹಟ ಅದಕ್ಕಿಂತ ದೊಡ್ಡದಿತ್ತು.

ರೋಗಿಗಳ ಮೇಲೆ ನಡೆಸಿದ ಮೊದಲ ಪ್ರಯೋಗದ ಫಲಿತಾಂಶ ಬಂದ ದಿನ ಷೇರು ಗಗನಕ್ಕೇರಿತು. ಅವನು ಹಾಳೆಗಳನ್ನು ಅಚ್ಚು ಹಾಕಿಸಿಕೊಂಡು ಅಣ್ಣನ ಮನೆಗೆ ಓಡಿದ. ಅತ್ತಿಗೆ ಇಪ್ಪತ್ತು ವರ್ಷದಿಂದ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸು.

“ನೋಡಿ ಅತ್ತಿಗೆ, ಒಂಬತ್ತು ತಿಂಗಳು ಬದುಕ್ತಿದ್ದೋರು ಈಗ ಹದಿನಾಲ್ಕು ತಿಂಗಳು. ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸೋ ಈ ಗೆರೆ ಇಳೀತಾ ಇಳೀತಾ ಬಂದು ಇಲ್ಲಿ ನಿಂತೇಬಿಟ್ಟಿದೆ. ಮೂರರಲ್ಲೊಬ್ಬರು ಉಳ್ಕೊಂಡ ಹಾಗೇ ಅಲ್ವಾ?”

ಅತ್ತಿಗೆ ಒದ್ದೆ ಕೈ ಒರೆಸಿಕೊಂಡು ಗೆರೆಯ ಕೆಳಗಿದ್ದ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟರು.

“ಊರಿನ ಸಣ್ಣಕ್ಷರವೆಲ್ಲ ಓದ್ತೀಯ, ಇದನ್ನ ಓದ್ಲಿಲ್ವಾ? ಶುರುವಲ್ಲಿ ನಲವತ್ತು ಜನ. ಒಂದೂವರೆ ವರ್ಷ ದಾಟಿದ ಮೇಲೆ ಲೆಕ್ಕದಲ್ಲಿರೋರು ನಾಲ್ಕೇ. ಮಿಕ್ಕವರಲ್ಲಿ ಕೆಲವರು ತೀರ್ಕೊಂಡಿದ್ದಾರೆ, ಕೆಲವರು ಸೇರಿ ಇನ್ನೂ ಅಷ್ಟು ದಿನ ಆಗಿಲ್ಲ. ಈ ಗೆರೆ ನಿಂತಿರೋದು ನಾಲ್ಕು ಜನರ ಮೇಲಪ್ಪ. ಆ ಒಂಬತ್ತು ತಿಂಗಳೂ ಬೇರೆ ಆಸ್ಪತ್ರೆಯ ಹಳೇ ರೋಗಿಗಳದ್ದು. ಈ ಕಂಪನಿಯೋರು ಆರಿಸ್ಕೊಂಡಿರೋದು ಓಡಾಡೋ ಗಟ್ಟಿಗರನ್ನ.”

“ಹಾಗಾದ್ರೆ ಸುಳ್ಳಾ?”

“ಸುಳ್ಳಲ್ಲ. ಇನ್ನೂ ಗೊತ್ತಿಲ್ಲ, ಅಷ್ಟೇ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೇ ಮದ್ದು, ಇನ್ನೊಂದಕ್ಕೆ ಹೊಸದು ಕೊಟ್ಟು ನೋಡ್ಲಿ, ಆಗ ಗೊತ್ತಾಗತ್ತೆ.”

ಅವನ ಮುಖ ಸಪ್ಪಗಾಯಿತು. ಆದರೂ ಮಾತನ್ನು ತಳ್ಳಿಹಾಕಲು ಆಗಲಿಲ್ಲ. ಮರುದಿನ ಅರ್ಧ ಷೇರು ಮಾರಿದ. ಇನ್ನರ್ಧಕ್ಕೆ ಮನಸ್ಸು ಬರಲಿಲ್ಲ. ಅಕ್ಕನ ಕೈ ಬಿಟ್ಟಂತೆ ಅನ್ನಿಸಿತು.

ಎರಡು ವರ್ಷದ ಮೇಲೆ ದೊಡ್ಡ ಪ್ರಯೋಗ ಮುಗಿಯಿತು. ಹೊಸ ಮದ್ದಿನವರು ಹಳೆಯ ಮದ್ದಿನವರಿಗಿಂತ ಹೆಚ್ಚು ಬದುಕಿದ್ದು ಮೂರೇ ವಾರ. ಷೇರು ನೆಲಕಚ್ಚಿತು.

“ಮೂರು ವಾರ ಕಮ್ಮಿಯೇನಲ್ಲ ಅತ್ತಿಗೆ,” ಎಂದ ಫೋನಿನಲ್ಲಿ. “ಅಕ್ಕನಿಗೆ ಸಿಕ್ಕಿದ್ರೆ ನಾನು ಬೇಡ ಅಂತಿದ್ನಾ?”

“ಅದೂ ಮದ್ದಿಂದಲೇ ಬಂತು ಅನ್ನೋ ಹಾಗಿಲ್ವೋ. ಅಷ್ಟು ವ್ಯತ್ಯಾಸ ಸುಮ್ಮನೆ ಕೂಡ ಬರತ್ತೆ.”

ಆಮೇಲೆ ಅತ್ತಿಗೆಯೇ ಹೇಳಿದರು: “ಭಾನುವಾರ ವಾರ್ಡಿಗೆ ಬಾ. ಕಾಯಿಲೆಯಿಂದ ಮುಖ ಸೊರಗಿ ರೋಗಿಗಳೆಲ್ಲರ ಕನ್ನಡಕವೂ ಜಾರ್ತಿದೆ.”

ಹೋದ. ಮೊದಲ ಮಂಚದಲ್ಲಿ ಒಬ್ಬ ಬಸ್ ಡ್ರೈವರ್. ಸಣ್ಣಕ್ಷರ ಕನ್ನಡಕದ ಕಡ್ಡಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಬಾಗಿಸಿ, ಕಿವಿಯ ಮೇಲೆ ಕೂರಿಸಿದ. ಡ್ರೈವರ್ ಕಿಟಕಿಯಾಚೆ ನಿಂತಿದ್ದ ಬಸ್ಸಿನ ನಂಬರ್ ಓದಿ ತಲೆಯಾಡಿಸಿದ.

“ಇನ್ನೊಂಚೂರು ಬಿಗಿ ಮಾಡಿ ಯಜಮಾನ್ರೆ. ಮುಂದಿನ ತಿಂಗಳು ಮುಖ ಇನ್ನೂ ಸೊರಗಿದ್ರೂ ಆಗ್ಲಿ.”

“ಈಗಲೇ ಬಿಗಿ ಮಾಡಿದ್ರೆ ಕಿವಿ ನೋಯತ್ತೆ,” ಎಂದ ಅವನು. “ಮುಂದಿನ ತಿಂಗಳು ನಾನೇ ಬರ್ತೀನಿ.”