ಸುದ್ದಿಗೆ ತಾರೀಖಿರಲಿಲ್ಲ

"ಈ ಬಸ್ಸಿನ್ಯಾಗ ನಮ್ಮ ಮನಿಯವ್ರು ಹೋಗ್ಯಾರೋ ತಮ್ಮಾ!"

ರಾಣೆಬೆನ್ನೂರಿನ ನನ್ನ ಇಂಟರ್‌ನೆಟ್ ಅಂಗಡಿಗೆ ಮಗಳ ಫಲಿತಾಂಶ ನೋಡಲು ಬಂದಿದ್ದ ಶಾಹಿದಾ ಅಕ್ಕ, ಕಂಪ್ಯೂಟರ್ ಪರದೆಗೆ ಬೆರಳಿಟ್ಟು ಚೀರಿದರು. ತೆರೆದಿದ್ದದ್ದು ನಾನೇ ಮಾಡಿದ್ದ ಊರಿನ ವೆಬ್‌ಸೈಟು. ಮೇಲೆ ಅಂದಿನ ತಾರೀಖು, ಕೆಳಗೆ 'ಗುತ್ತಲ ಬಳಿ ಬಸ್ ಪಲ್ಟಿ: ಇಬ್ಬರ ಸಾವು.' ಅವರ ಗಂಡ ಬೆಳಿಗ್ಗೆಯೇ ಗುತ್ತಲದ ಬಸ್ ಹತ್ತಿದ್ದರು. ಫೋನ್ ಮಾಡಿದರೆ ಮೊಬೈಲ್ ಸ್ವಿಚ್ ಆಫ್.

ಬೇರೊಂದು ಸುದ್ದಿತಾಣದ ತಲೆಬರಹಗಳು ತಾವಾಗಿಯೇ ಬಂದು ಕೂರಲೆಂದು ನನ್ನ ಪುಟಕ್ಕೆ ಮಾಡ್ಯೂಲ್ ಎಂಬ ಒಂದು ಸಣ್ಣ ಪ್ರೋಗ್ರಾಮ್ ಹಾಕಿದ್ದೆ. ಆಮೇಲೆ ಅದರತ್ತ ತಿರುಗಿಯೂ ನೋಡಿರಲಿಲ್ಲ. ಈಗ ಆ ತಲೆಬರಹದ ಮೇಲೆ ಕ್ಲಿಕ್ ಮಾಡಿದೆ. ಅವತ್ತೇ ಆ ಪುಟ ತೆರೆಯಲು ಎಷ್ಟು ಸತಾಯಿಸಿತು! ಅಕ್ಕ ನನ್ನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಕೊನೆಗೆ ಕಂಡದ್ದು ಎರಡು ತಿಂಗಳ ಹಿಂದಿನ ತಾರೀಖು. ಆ ಸುದ್ದಿತಾಣದಿಂದ ಹೊಸ ಸುದ್ದಿ ಬರುವುದು ಆಗಲೇ ನಿಂತುಹೋಗಿ, ಮಾಡ್ಯೂಲ್ ಹಳೆಯದನ್ನೇ ತೋರಿಸುತ್ತಾ ಕೂತಿತ್ತು.

"ಹಳೇ ಸುದ್ದಿ ಐತ್ರಿ ಅಕ್ಕಾ. ಏನೂ ಆಗಿಲ್ಲ!" ಎಂದು ಜೋರಾಗಿ ನಕ್ಕುಬಿಟ್ಟೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆದರೆ ನಗಲಿಲ್ಲ. "ಏನೂ ಆಗಿಲ್ಲ ಅಂದ್ರ ಹ್ಯಾಂಗೋ? ಅವತ್ತು ಇಬ್ಬರು ಹೋಗ್ಯಾರಲ್ಲ."

ಆ ದಿನವೇ ಪ್ರತಿ ತಲೆಬರಹದ ಪಕ್ಕ ಅದರದೇ ತಾರೀಖು ಬರುವಂತೆ ಮಾಡಿದೆ. ಆದರೆ ಎರಡು ತಿಂಗಳು ಆ ಸಾವು ನನ್ನದೇ ಪುಟದಲ್ಲಿತ್ತು. ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ.